ಮಾದರಿ ಬೋರ್ಡಿನ ನಕ್ಷೆ

ಮಲಾಡ್ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಬ್ಬೀರನಿಗೆ ಮೂರು ದಿನದಿಂದ ಗ್ರಾಫಿಕ್ಸ್ ಕಾರ್ಡಿನ ಕಂಪನಿಗಳ ಮೇಲೆ ಕೆಂಡದಂಥ ಸಿಟ್ಟು. ಕಾರ್ಡಿನೊಳಗಿನ ಚಿಪ್ಪು ಮಾಡುವವರು ಮಾದರಿಗೆಂದು ಒಂದು ಬೋರ್ಡು ಮಾಡಿಕೊಡುತ್ತಾರೆ. ಕಾರ್ಡು ಮಾರುವವರಲ್ಲಿ ಕೆಲವರು ಅದನ್ನೇ ಬಳಸುತ್ತಾರೆ. ಉಳಿದ ಪುಣ್ಯಾತ್ಮರು ತಮ್ಮದೇ ಬೋರ್ಡು ಮಾಡಿ, ಕರೆಂಟಿನ ದಾರಿಯನ್ನೇ ಬದಲಿಸುತ್ತಾರೆ. ಡಬ್ಬಿಯ ಮೇಲಿನ ಹೆಸರು ಮಾತ್ರ ಒಂದೇ. ಉಡುಪಿ ಹೋಟೆಲೆಂಬ ಬೋರ್ಡು ನೋಡಿ ಒಳಹೊಕ್ಕರೆ ಸಾಂಬಾರು ಒಂದೊಂದು ಕಡೆ ಒಂದೊಂದು ಥರ ಇರುವ ಹಾಗೆ.

ಸೋಮವಾರ ಅವನ ಮೇಜಿನ ಮೇಲಿದ್ದದ್ದು ರಿಪೇರಿಗೆ ಬಂದ ನಮಿತಾಳ ಕಾರ್ಡು. ಪಾರ್ಲೆಯಲ್ಲಿ ಅನಿಮೇಷನ್ ಓದುವ ಕರಾವಳಿಯ ಹುಡುಗಿ. ಗುರುವಾರ ಬೆಳಿಗ್ಗೆ ಕಾಲೇಜಿಗೆ ತನ್ನ ಚಿತ್ರ ಒಪ್ಪಿಸದಿದ್ದರೆ ಅವಳ ಕೊನೆಯ ವರ್ಷವೇ ಹೋಯಿತು. ಇಂಥ ನೂರು ಕಾರ್ಡು ನೋಡಿದವನೆಂಬ ಜಂಬದಲ್ಲಿ ಶಬ್ಬೀರ ಯಾವ ಬೋರ್ಡೆಂದು ಹೇಳುವ ನಂಬರನ್ನೇ ಓದಲಿಲ್ಲ. ಮಾದರಿ ಬೋರ್ಡಿನ ನಕ್ಷೆ ಎದುರಿಗಿಟ್ಟುಕೊಂಡು, ಅದು ತೋರಿಸಿದ ಜಾಗಕ್ಕೆ ಕರೆಂಟು ಕೊಟ್ಟ. ಚಿಪ್ಪಿನಿಂದ ಹೊಗೆ ಎದ್ದಿತು. ನೋಡಿದರೆ ಇದು ಕಂಪನಿಯವರೇ ಮಾಡಿದ ಬೇರೆಯೇ ಬೋರ್ಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕಂಪನಿಗೆ ಬೈದ. ನಮಿತಾ ಫೋನು ಮಾಡಿದಾಗ "ನಾಳೆ ಬಾ" ಅಂದ. ಮಂಗಳವಾರವೂ ಅದನ್ನೇ ಅಂದ.

ಬುಧವಾರ ಮಧ್ಯಾಹ್ನ ಅವಳೇ ಬಂದು ನಿಂತಳು.

"ಅಂಕಲ್, ಇವತ್ತಾದ್ರೂ ಆಯ್ತಾ?"

'ಕಾರ್ಡು ಇಲ್ಲಿ ಬರೂದಕ್ಕಿಂತ ಮೊದಲೇ ಸತ್ತಿತ್ತು' ಎಂದು ರಿಪೇರಿಯವರು ಹೇಳುವ ಕಸುಬಿನ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಅದು ಹೊರಬರುವ ಮೊದಲೇ ಅವಳ ಕಣ್ಣು ತುಂಬಿತು.

"ನಂದೇ ತಪ್ಪು. ಧೂಳುಂಟು ಅಂತ ಬ್ರಶ್ಶಲ್ಲಿ ಉಜ್ಜಿದ್ದೆ."

ಶಬ್ಬೀರನಿಗೆ ತಡೆಯಲಾಗಲಿಲ್ಲ. "ನೀ ಏನೂ ಮಾಡಿಲ್ಲ, ಬೇಟಿ. ನಾನೇ ಸುಟ್ಟೀನಿ. ಸೋಮವಾರಾನೇ ಸುಟ್ಟೀನಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ತನ್ನ ಅಂಗಡಿಯ ಮಶೀನಿನ ಕಾರ್ಡನ್ನೇ ಕಿತ್ತು, ಅವಳು ಕಾರ್ಡಿನ ಜೊತೆ ಬಿಟ್ಟುಹೋಗಿದ್ದ ಕಂಪ್ಯೂಟರಿನ ತಗಡಿನ ಡಬ್ಬಿಗೆ ಕೂಡಿಸಲು ಹೋದ. ಅದೂ ಕಂಪನಿಯವರು ತಮಗೆ ಬೇಕಾದಂತೆ ಮಾಡಿದ ಮೂರು ಫ್ಯಾನಿನ ಬೋರ್ಡು. ಡಬ್ಬಿಗಿಂತ ಎರಡು ಬೆರಳಷ್ಟು ಉದ್ದವಾಯಿತು. ಓರೆ ಮಾಡಿದ, ಒತ್ತಿದ, ಕೈ ತರಚಿಕೊಂಡ. ಕೊನೆಗೆ ತಗಡು ಕತ್ತರಿಸುವ ಕತ್ತರಿ ತೆಗೆದ.

"ಸ್ವಲ್ಪ ತಡಿ, ಡಬ್ಬಿನೇ ಕೊಯ್ತೀನಿ."

"ಬೇಡ ಅಂಕಲ್," ನಮಿತಾ ಮೆಲ್ಲಗೆ ಅಂದಳು. "ಈಗ ಕಾರ್ಡು ಕೂತ್ರೂ ಕಂಪ್ಯೂಟರಲ್ಲಿ ವಿಡಿಯೋ ತಯಾರಾಗಿ ಹೊರಗೆ ಬರ್ಲಿಕ್ಕೆ ಎರಡು ದಿನ ಬೇಕು, ನಾಳೆ ಬೆಳಿಗ್ಗೆಯೇ ಒಪ್ಪಿಸ್ಬೇಕು. ಸೋಮವಾರವೇ ಹೇಳಿದ್ರೆ ಕಾಲೇಜಿನ ಮಶೀನಲ್ಲಿ ಮಾಡ್ತಿದ್ದೆ. ನಿನ್ನೆವರೆಗೂ ಖಾಲಿ ಇತ್ತು."

ಶಬ್ಬೀರ ಕತ್ತರಿ ಹಿಡಿದೇ ನಿಂತ. ಮೂರು ದಿನದಿಂದ ಬೈದ ಕಂಪನಿಗಳಲ್ಲಿ ಒಂದರ ಹೆಸರೂ ಈಗ ಅವನ ಬಾಯಿಗೆ ಬರಲಿಲ್ಲ.