ನನ್ನ ಮೈಯಲ್ಲಿಲ್ಲದ ಬೆಳಕು

ನಾನು ಒಂದು ಬಣ್ಣವಿಲ್ಲದ ಪುಟ್ಟ ಮೀನು. ಧಾರವಾಡದ ಒಂದು ಪ್ರಯೋಗಾಲಯದ ತೊಟ್ಟಿಯಲ್ಲಿ ತತ್ತಿಯೊಡೆದು ಹೊರಬಂದೆ. ಹೊರಗೆ ನಿಂತವರಿಗೆ ನನ್ನ ಎದೆ ಬಡಿಯುವುದೂ ಕಾಣುತ್ತದೆ. ಹುಟ್ಟುವಾಗಲೇ ನಮಗೆಲ್ಲ ಒಂದು ರೋಗವಿತ್ತು. ಅದನ್ನು ಬೇಕೆಂದೇ ಕೊಟ್ಟಿದ್ದರು. ಸ್ನಾಯುವನ್ನು ಬಿಗಿಹಿಡಿಯುವ ಒಂದು ಪ್ರೋಟೀನಿನ ಮೇಲೆ ಸಕ್ಕರೆಯ ಸರಪಳಿ ಇರಬೇಕು. ನಮ್ಮಲ್ಲಿ ಅದಿರಲಿಲ್ಲ. ಹಿಡಿತವಿಲ್ಲದ ಸ್ನಾಯು ದಿನದಿನಕ್ಕೆ ಹರಿದುಹೋಗುತ್ತಿತ್ತು.

ನನ್ನನ್ನು ನೋಡಿಕೊಂಡವಳು ಸಂಶೋಧಕಿ ರೇಷ್ಮಾ ನದಾಫ. ಹೊಸ ಔಷಧ ಕೊಟ್ಟು, ಮಂಪರು ಬರಿಸಿ, ಸೂಕ್ಷ್ಮದರ್ಶಕದ ಕೆಳಗೆ ಮಲಗಿಸುತ್ತಿದ್ದಳು. ಸಕ್ಕರೆ ಮೈತುಂಬ ಇರುತ್ತದೆ. ಆ ಒಂದು ಪ್ರೋಟೀನಿನ ಮೇಲಿನದನ್ನಷ್ಟೇ ಕಾಣಬೇಕೆಂದು ಪ್ರೋಟೀನಿಗೊಂದು, ಸಕ್ಕರೆಗೊಂದು ಬೆಳಕಿನ ಗುರುತು ಹಚ್ಚಿದ್ದಳು. ಎರಡೂ ಅಂಟಿಕೊಂಡಲ್ಲಿ ಮಾತ್ರ ಕೊನೆಯ ಚಿತ್ರ ಹೊಳೆಯಬೇಕು. ಅದು ಪ್ರತಿಸಲವೂ ಕಪ್ಪಾಗಿಯೇ ಬಂತು. ಹಾಗೆ ನೋಡುತ್ತ ನೋಡುತ್ತ ನನ್ನ ಒಡಹುಟ್ಟಿದವರು ಸತ್ತರು.

"ಔಷಧ ಹತ್ತಿಲ್ರೀ ಸರ್," ಎಂದಳು ರೇಷ್ಮಾ.

ಅವಳ ಮೇಲಿನ ಪ್ರೊಫೆಸರ್ ಹುಯಿಲಗೋಳ ನಕ್ಕರು. "ಮೈತುಂಬ ಸಕ್ಕರಿ ಹೊಳಿಯೋ ಚಿತ್ರ ಐತಲ್ಲ, ಅದನ್ನ ಹಾಕವಾ. ನೋಡಾವ್ರಿಗೆ ಏನ್ ತಿಳಿತದ?"

ಒಂದು ಬೆಳಿಗ್ಗೆ ಹೊಸ ಔಷಧದ ಸುದ್ದಿ ಕೇಳಿ ನೀಲವ್ವ ಎಂಬಾಕೆ ಬಂದಳು. ಎಂಟು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ಆ ಹುಡುಗಿ ಗೌರಿಗೂ ನಮ್ಮದೇ ರೋಗ. ಪ್ರೊಫೆಸರರು ಗೋಡೆಯ ಪರದೆಯ ಮೇಲೆ ಸಕ್ಕರೆಯ ಗುರುತಷ್ಟೇ ಇದ್ದ ನನ್ನ ಚಿತ್ರ ಹಾಕಿದರು. ಝಗಝಗ ಹೊಳೆಯುತ್ತಿತ್ತು.

"ನೋಡ್ರೀ, ಔಷಧ ಸ್ನಾಯುವಿಗೆ ಮುಟ್ಟೇದ."

ನೀಲವ್ವ ಪರದೆಗೆ ಕೈಮುಗಿದಳು. "ಹಂಗಾರ ನಮ್ಮ ಗೌರಿ ನಡೀತಾಳ್ರೀ?"

ನಾನು ಅದೇ ಪರದೆಯ ಕೆಳಗೆ, ತೊಟ್ಟಿಯ ಗೋಡೆಗೆ ಒರಗಿ ಬಿದ್ದಿದ್ದೆ. ಆ ಮಾತು ಸುಳ್ಳು. ಒದರಲು ನನಗೆ ದನಿಯಿಲ್ಲವಲ್ಲ!

ರೇಷ್ಮಾ ಬಂದು, ನಮ್ಮ ಈಜುವ ಬಲ ಪರೀಕ್ಷಿಸುವ ತೊಟ್ಟಿಯ ಪಂಪು ಚಾಲೂ ಮಾಡಿದಳು. ನೀರು ನುಗ್ಗಿತು. ಇದ್ದಬದ್ದ ಸಿಟ್ಟನ್ನೆಲ್ಲ ಬಾಲಕ್ಕೆ ತಂದು ಎದುರು ಈಜಿದೆ. ಆಗಲಿಲ್ಲ. ನೀರು ನನ್ನನ್ನು ಎಳೆದೊಯ್ದು ಜಾಲರಿಗೆ ಬಡಿಯಿತು.

"ಅವ್ವಾ, ಮೀನಿಗೂ ಆಗವಲ್ದು," ಎಂದಳು ಗೌರಿ.

ರೇಷ್ಮಾ ಪಂಪು ನಿಲ್ಲಿಸಿ, ಪರದೆಗೆ ಕಪ್ಪು ಚಿತ್ರ ಹಾಕಿದಳು. "ಖರೇ ಚಿತ್ರ ಇದರೀ ಅಕ್ಕಾ. ಔಷಧ ಇನ್ನೂ ಸಿಕ್ಕಿಲ್ಲ."

ನೀಲವ್ವ ಪ್ರೊಫೆಸರರ ಕಡೆ ತಿರುಗಿದಳು. "ಇಲ್ಲಂದಿದ್ರ ನಾ ಏನ್ ಸಾಯ್ತಿದ್ನೇನ್ರೀ? ಹೊತ್ತಕೊಂಡು ಬಂದೀನಿ, ಹೊತ್ತಕೊಂಡ ಹೋಗ್ತಿದ್ದೆ. ಕೂಸಿನ ಮುಂದ ಸುಳ್ಳು ಹೇಳ್ತೀರಲ್ಲ, ನಾಚಿಕಿ ಬರೂದಿಲ್ಲ?"

ಪ್ರೊಫೆಸರರು ಪರದೆ ಆರಿಸಿ ಹೊರಟುಹೋದರು. ವಾರ ಕಳೆಯುವುದರೊಳಗೆ ರೇಷ್ಮಾಳನ್ನು ಆ ಕೆಲಸದಿಂದ ತೆಗೆದರು. ಅವಳು ಬೇರೆ ಊರಿನ ಪ್ರಯೋಗಾಲಯ ಸೇರಿದಳು.

ಈಗ ನನಗೆ ವಯಸ್ಸಾಗಿದೆ. ನನ್ನ ತೊಟ್ಟಿಯನ್ನು ಪಡಸಾಲೆಯ ಮೂಲೆಗೆ ತಂದಿಟ್ಟಿದ್ದಾರೆ. ಎದುರಿನ ಗೋಡೆಯಲ್ಲಿ ಅದೇ ಹೊಳೆಯುವ ಚಿತ್ರ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ರೋಗ ಕೊಟ್ಟದ್ದನ್ನು ಮರೆತೇನು. ಗೌರಿಯಂಥವರು ನಡೆಯುವುದಾದರೆ ನಮ್ಮ ಸಾವಿಗೂ ಬೆಲೆಯಿತ್ತು. ಆದರೆ ಸತ್ತ ನನ್ನವರ ಮೈಯಿಂದ ಸುಳ್ಳು ಕಟ್ಟಿದ್ದನ್ನು ಹೇಗೆ ಮರೆಯಲಿ?

ಪ್ರೊಫೆಸರರು ದಿನಾ ಈ ದಾರಿಯಲ್ಲೇ ಹೋಗುತ್ತಾರೆ. ಅವರ ಹೆಜ್ಜೆ ಕೇಳಿದೊಡನೆ ತೆವಳಿಕೊಂಡಾದರೂ ಗಾಜಿನ ಹತ್ತಿರ ಬಂದು ನಿಲ್ಲುತ್ತೇನೆ. ಅವರು ಒಮ್ಮೆಯೂ ಈ ಕಡೆ ನೋಡಿಲ್ಲ.