ಪಿನ್ನುಗಳ ಮೇಲೆ ಭಂಡಾರ

ಇಂಟೆಲ್ಲೋ ಎಎಂಡಿಯೋ ಎಂದು ಮಮದಾಪುರದ ಆ ಮನೆಯಲ್ಲಿ ಅಣ್ಣ ತಂಗಿ ತಿಂಗಳುಗಟ್ಟಲೆ ಕಚ್ಚಾಡಿದ್ದರು. ಎರಡು ಕಂಪನಿಗಳಲ್ಲಿ ಯಾರ ಪ್ರೊಸೆಸರನ್ನು ಕಂಪ್ಯೂಟರಿಗೆ ಹಾಕಿದರೂ ಅರ್ಚನಾಳ ಗೇಮ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮಾಲಿಂಗ ಎಎಂಡಿ ಪಕ್ಷ, ಅಣ್ಣನ ಪಕ್ಷಕ್ಕೆ ಅವಳು ಸೇರಿದ ದಿನವೇ ಇಲ್ಲ.

ನಿಜ ಹೇಳಬೇಕೆಂದರೆ ಅವಳು ಇಂಟೆಲ್ ಆರಿಸಿದ್ದು ಹೆದರಿಕೆಯಿಂದ. ಅಣ್ಣ ತೋರಿಸಿದ ಎಎಂಡಿ ಮಾದರಿಯಲ್ಲಿ ಕೂದಲಿನಂಥ ಪಿನ್ನುಗಳು ಪ್ರೊಸೆಸರಿನ ತಳದಲ್ಲೇ ಇದ್ದವು. ಕೂಡಿಸುವಾಗ ಕೈ ನಡುಗಿ ಒಂದು ಬಾಗಿದರೂ ಮುಗಿಯಿತು. ಇಂಟೆಲ್‌ನದು ತಳ ಸಪಾಟು, ಪಿನ್ನುಗಳೆಲ್ಲ ಅದು ಕೂರುವ ಬೋರ್ಡಿನ ಚೌಕದಲ್ಲಿ, ಸಾಕೆಟ್ಟಿನಲ್ಲಿ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಬೋರ್ಡನ್ನು ಯಾರು ಮುಟ್ಟುತ್ತಾರೆ ಎಂದುಕೊಂಡಳು. ತಾಯಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ರವಿವಾರ ಬೆಳಗಾವಿಯ ಗೇಮಿಂಗ್ ತಂಡವೊಂದು ಆನ್‌ಲೈನಿನಲ್ಲಿ ಆಡಿಸಿ ಆಟಗಾರರನ್ನು ಆರಿಸುವುದಿತ್ತು. ಗೋಕಾಕದ ಗೇಮಿಂಗ್ ಸೆಂಟರಿಗೆ ಹೋಗುವುದನ್ನು ಅಪ್ಪ ಬೀರಸಿದ್ದಪ್ಪ ಬಿಡಿಸಿದ್ದ. "ಮನ್ಯಾಗ ಆಡ. ಆದ್ರ ಇದ ಒಂದ ಸಲ. ಕೆಟ್ರ ಮತ್ತ ಕೇಳಬ್ಯಾಡ" ಎಂದು ಕಂಪ್ಯೂಟರಿನ ಸಾಮಾನು ತರಿಸಿಕೊಟ್ಟಿದ್ದ. ಪಿನ್ ಬಾಗಿದ ಬೋರ್ಡನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.

ಶನಿವಾರ ಮಧ್ಯಾಹ್ನ ಸಾಕೆಟ್ಟಿನ ಮುಚ್ಚಳ ತೆಗೆದಿದ್ದಳಷ್ಟೆ, ಮಾಲಿಂಗನ ಫೋನು ಬಂತು. ಒಳಗೆ ನೆಟ್‌ವರ್ಕ್ ಸಿಗದೆ ಅಂಗಳಕ್ಕೆ ಹೋದಳು.

"ಏನವಾ, ನಿನ್ನ ಇಂಟೆಲ್ ಉಸುರಾಡಾಕತ್ತೇತೇನ?"

"ನೀ ಸುಮ್ನಿರಣ್ಣಾ, ಸಂಜಿಕ ಬಂದ ನೋಡ" ಎಂದು ಫೋನಿಟ್ಟು ಒಳಗೆ ಬಂದಳು.

ತಾಯಿ ಸಾವಿತ್ರವ್ವ ಬೋರ್ಡಿಗೆ ಕೈಮುಗಿದು ನಿಂತಿದ್ದಳು. ಸಾಕೆಟ್ಟಿನ ತುಂಬ ಹಳದಿ ಭಂಡಾರ.

ಬೈಕಿರಲಿ, ಮಿಕ್ಸರ್ ಇರಲಿ, ಆ ಮನೆಗೆ ಹೊಸದೇನು ಬಂದರೂ ಬೀರದೇವರ ಗುಡಿಯಿಂದ ತಂದ ಅರಿಷಿಣದ ಭಂಡಾರ ಬೀಳದೆ ಬಳಕೆಗೆ ಬರುವುದಿಲ್ಲ. ಬೋರ್ಡಿನ ನಡುವಿನ ಚೌಕ ನೋಡಿ, ಇದೇ ಗದ್ದುಗೆ ಇದ್ದೀತು ಎಂದು ಸಾವಿತ್ರವ್ವ ಅಲ್ಲೇ ಹಾಕಿದ್ದಳು.

ಅರ್ಚನಾ ಬೋರ್ಡಿನ ಮೇಲೆ ಬಗ್ಗಿದಳು. "ಯವ್ವಾ, ಪಿನ್ನಿಗೆ ಬೆರಳ ತಾಗಸೀದೇನ? ಖರೆ ಹೇಳ."

"ಮ್ಯಾಲಿಂದ ಉದುರಿಸೇನಿ. ತಾಗಿಲ್ಲ ಅನಸ್ತೇತಿ."

"ಅನಸ್ತೇತಿ ಅಂದ್ರ?" ಆ ಕೂಗಿಗೆ ಹಿತ್ತಲಿನ ಕುರಿಗಳೂ ಬೆದರಿದವು.

ಗಾಳಿ ಹೊಡೆಯುವ ರಬ್ಬರಿನ ಬ್ಲೋವರ್ ಎತ್ತಿಕೊಂಡಾಗ ತಾಯಿ ಅವಳ ಮುಂಗೈ ಹಿಡಿದಳು. ಈಗ ಹೆದರಿದ್ದು ತಾಯಿ. "ದೇವ್ರ ಭಂಡಾರ ಹಂಗ ಊದಬಾರದವಾ. ಕಾಲಾಗ ಬಿದ್ರ ದ್ವಾಷ ಹತ್ತತೇತಿ."

"ಊದಲಿಲ್ಲಂದ್ರ ನಾ ಕೆಟ್ಟೆ!"

ಕಡೆಗೆ ಸಾವಿತ್ರವ್ವ ನೆಲಕ್ಕೆ ಕುಳಿತು ಸೀರೆಯ ಉಡಿ ಒಡ್ಡಿದಳು. ಕಣ್ಣು ಮುಚ್ಚಿ ಏನೋ ಪಿಟಿಪಿಟಿ ಅಂದು, "ಇದರಾಗ ಊದ" ಎಂದಳು. ಅರ್ಚನಾ ಬೋರ್ಡನ್ನು ಬೋರಲಾಗಿ ಹಿಡಿದು ಹಳದಿ ಕಾಣದಾಗುವವರೆಗೆ ಗಾಳಿ ಹೊಡೆದಳು. ಆಮೇಲೆ ಮೊಬೈಲ್ ಬೆಳಕು ಬಿಟ್ಟು ಪಿನ್ನುಗಳನ್ನು ಸಾಲುಸಾಲಾಗಿ ನೋಡಿದಳು. ಕಣ್ಣಲ್ಲಿ ನೀರು ತುಂಬಿ, ನೆಟ್ಟಗಿದ್ದವೂ ಬಾಗಿದಂತೆ ಕಂಡವು.

ಪ್ರೊಸೆಸರ್ ಕೂಡಿಸಿ, ಉಳಿದದ್ದನ್ನೆಲ್ಲ ಜೋಡಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಇನ್ನು ಅಪ್ಪನಿಗೆ ಏನು ಹೇಳಲಿ ಎನ್ನುವಷ್ಟರಲ್ಲಿ ಪರದೆ ಬೆಳಗಿತು.

"ಯವ್ವಾ, ಬಂತು!"

ಸಾವಿತ್ರವ್ವ ಎದ್ದಿರಲಿಲ್ಲ. ಉಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕುಳಿತಿದ್ದಳು.

"ಯಾಕ? ಆತಲಾ ಎಲ್ಲಾ. ಊದೂ ಮುಂದ ಏನ ಬೇಡ್ಕೊಂಡಿ?"

"ದ್ವಾಷ ಬರೂದಿದ್ರ ನನ್ನ ಉಡಿಗೆ ಬರ್ಲಿ, ನನ್ನ ಮಗಳಿಗೆ ಬ್ಯಾಡ ಅಂದ್ನಿ."

ದೇವರು ದಿಂಡರು ಎಂದರೆ ನಗುತ್ತಿದ್ದ ಅರ್ಚನಾ ಪರದೆಯನ್ನು ಬಿಟ್ಟು ಬಂದಳು. ತಾಯಿಯ ಬಾಜೂ ಕುಳಿತು ಆ ಉಡಿಯ ಅಂಚು ಹಿಡಿದಳು.

"ಅರ್ಧಾ ನನಗ ಬರ್ಲಿ ಅಂತ ಹೇಳ ಯವ್ವಾ. ಈಗಿಂದೀಗ ಹೇಳ."

ಸಾವಿತ್ರವ್ವ ಭಂಡಾರ ಚೆಲ್ಲದಂತೆ ಉಡಿಯ ಅಂಚನ್ನು ಮಗಳ ಕೈಯಿಂದ ಬಿಡಿಸಿಕೊಂಡಳು.