ಒಬ್ಬಳೇ ಮಗಳು

ಚಳಿ ಬಿಟ್ಟು ಮರಗಳು ಚಿಗುರುವ ಹೊತ್ತಿಗೆ ಸರಿಯಾಗಿ ಪತ್ರಿಕಾ ಕಚೇರಿಯಿಂದ ಅವನ ಕೋಣೆಗೆ ಒಂದು ಹೊರೆ ಪುಸ್ತಕ ಬಂದು ಬೀಳುತ್ತಿತ್ತು. 'ಈ ವಸಂತದಲ್ಲಿ ಓದಲೇಬೇಕಾದ ಹೊಸ ಪುಸ್ತಕಗಳು' ಎಂಬ ಭಾನುವಾರದ ಪುಟಕ್ಕೆ. ಕಥೆ, ಕಾದಂಬರಿ ಬೇರೆಯವರ ಪಾಲು. ಇವನ ಪಾಲಿಗೆ ಜೀವನಚರಿತ್ರೆ, ಇತಿಹಾಸ, ವಿಜ್ಞಾನ, ಒಟ್ಟಿನಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇವೆಂದು ಆಣೆಯಿಟ್ಟು ಹೊರಟ ಪುಸ್ತಕಗಳು. ಓದಲೇಬೇಕೆಂದು ಊರಿಗೆಲ್ಲ ಹೇಳುವ ಈ ಮಹಾಶಯ ತಾನು ಮಾತ್ರ ಓದುತ್ತಿರಲಿಲ್ಲ. ಬೆನ್ನುಡಿ ನೋಡುತ್ತಿದ್ದ, ಮುನ್ನುಡಿಯ ಮೇಲೆ ಕಣ್ಣಾಡಿಸುತ್ತಿದ್ದ, ಮೊದಲ ಅಧ್ಯಾಯ ಮುಗಿಸಿದರೆ ಅದು ಆ ಪುಸ್ತಕದ ಪುಣ್ಯ. ಕಚೇರಿಯವರು ಅವನಿಗೆ 'ಬೆನ್ನುಡಿ' ಎಂದೇ ಹೆಸರಿಟ್ಟಿದ್ದರು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ, ಏಕೆಂದರೆ ಬೇರೆ ಯಾವ ಹೆಸರಿನಿಂದಲೂ ಅವನನ್ನು ಕರೆಯುವವರು ಉಳಿದಿರಲಿಲ್ಲ.

ಮದುವೆಯಾಗಿರಲಿಲ್ಲ. ಮೂರನೆಯ ಮಹಡಿಯ ಒಂದೇ ಕೋಣೆ, ಒಂದು ಮೇಜು, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಪುಸ್ತಕಗಳು ಪೇರಿಸಿಕೊಂಡು ಕೂತಿದ್ದವು. ಯಾರಾದರೂ ಬಂದಿದ್ದರೆ ತೆಗೆಯುತ್ತಿದ್ದನೇನೋ, ಯಾರೂ ಬರಲಿಲ್ಲ. ಕೆಲವು ದಿನ ಹಾಲಿನಂಗಡಿಯವನಿಗೆ 'ಒಂದು ಕೊಡಿ' ಎಂದದ್ದು ಬಿಟ್ಟರೆ ಅವನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಒಂಟಿತನ ರೂಢಿಯಾಗಿದೆ ಎಂದು ಅವನು ನಂಬಿದ್ದ. ಅದು ಶುದ್ಧ ಸುಳ್ಳು. ಬಾಗಿಲ ಹತ್ತಿರ ಯಾರದೋ ಹೆಜ್ಜೆ ಸದ್ದಾದರೆ ಕಿವಿ ಈಗಲೂ ಅತ್ತ ಹೋಗುತ್ತಿತ್ತು.

ಆ ವರ್ಷದ ಹೊರೆ ಬಿಚ್ಚಿದಾಗ ನಡುವೆ ಒಂದು ದಪ್ಪ ಪುಸ್ತಕ ಇತ್ತು. ಮುಖಪುಟದಲ್ಲಿ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಅರ್ಧ ಕಟ್ಟಿದ ಸೇತುವೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಗಸು. ಸೇತುವೆಗಳ ಎಂಜಿನಿಯರ್. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೆ ಆ ನಿಲುವು ನೋಡಿದರೆ ಗುರುತು ಸಿಗದೆ ಇರುತ್ತದೆಯೇ? ಅವನ ಅಕ್ಕ.

ಅಕ್ಕ-ತಮ್ಮನಿಗೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅವಳು ಊರೂರು ಸುತ್ತಿ ಸೇತುವೆ ಕಟ್ಟುತ್ತಿದ್ದಳು, ಇವನು ಒಂದು ಬಾಡಿಗೆ ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ಅವಳೇ ಫೋನ್ ಮಾಡಲಿ ಎಂದು ಇವನು, ಇವನು ಮಾಡಿದಾಗ ಮಾಡಲಿ ಎಂದು ಅವಳು. ವರ್ಷಗಳು ಉರುಳಿದವು. ಅಪ್ಪ ಅಮ್ಮ ಹೋದ ಮೇಲೆ ಕೇಳುವವರೂ ಇಲ್ಲವಾದರು.

ಅವನು ಮೊದಲ ಅಧ್ಯಾಯ ತೆರೆದ. ಎರಡನೆಯ ಪ್ಯಾರಾದಲ್ಲೇ ಇತ್ತು: 'ತಂದೆತಾಯಿಗೆ ಒಬ್ಬಳೇ ಮಗಳು. ಜೊತೆಗೆ ಆಡಲು ಒಡಹುಟ್ಟಿದವರಿಲ್ಲದ ಆ ಒಂಟಿ ಬಾಲ್ಯವೇ ಅವರನ್ನು ರೂಪಿಸಿತು.'

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಅಕ್ಷರಗಳು ಬದಲಾಗಲಿಲ್ಲ.

ಮುಂದಿನದು ಇನ್ನೂ ಸೊಗಸಾಗಿತ್ತು. ಹಿತ್ತಲಿನಲ್ಲಿ ದೊಡ್ಡ ಕಲ್ಲಿನ ಮೇಲೆ ಅಡ್ಡಲಾಗಿ ಹಲಗೆ ಇಟ್ಟು ಪುಟ್ಟ ಹುಡುಗಿ ಏರಿಳಿದು ಆಡುತ್ತಿದ್ದಳಂತೆ. ಆ ಹಲಗೆಯೇ ಆಕೆಯ ಮೊದಲ ಸೇತುವೆಯಂತೆ. ಜೀವನಚರಿತ್ರೆ ಬರೆಯುವವರ ಖಯಾಲಿಯೇ ಇದು, ದೊಡ್ಡವರಾದವರು ತೊಟ್ಟಿಲಲ್ಲಿ ಸೀನಿದರೂ ಅದರಲ್ಲೊಂದು ಸೂಚನೆ ಹುಡುಕುತ್ತಾರೆ. ಇರಲಿ ಬಿಡಿ, ಆದರೆ ಹಲಗೆಯ ಈ ತುದಿಯಲ್ಲಿ ಹುಡುಗಿ ಮೇಲೇಳಬೇಕಾದರೆ ಆ ತುದಿಯಲ್ಲಿ ಯಾರೋ ಕೂತಿರಬೇಕಲ್ಲ? ಆ ಯಾರೋ ಇವನು. ಅಕ್ಕ ಥಟ್ಟನೆ ಎದ್ದುಬಿಟ್ಟಾಗ ಹಲಗೆಯ ಸಮೇತ ಕೆಳಗೆ ಬಿದ್ದು ಗಲ್ಲ ಒಡೆದುಕೊಂಡವನು ಇವನು. ಕನ್ನಡಿಯ ಮುಂದೆ ನಿಂತರೆ ಆ ಗುರುತು ಈಗಲೂ ಕಾಣುತ್ತದೆ.

ಲೋಕದಲ್ಲಿ ತಾನೊಬ್ಬ ಇದ್ದೇನೆ ಎಂಬುದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಅಕ್ಕ, ಅವಳ ಕಥೆಯಲ್ಲೇ ತಾನಿಲ್ಲ. ಅವಳೇ ಅಳಿಸಿದಳೇ, ಬರೆದವಳು ಎಡವಿದಳೇ? ಇದು ತಿಳಿಯದೆ ಅವನಿಗೆ ನೀರು ಇಳಿಯುವಂತಿರಲಿಲ್ಲ. ಪ್ರಕಾಶಕರಿಂದ ಲೇಖಕಿಯ ನಂಬರು ತೆಗೆದುಕೊಂಡು ಫೋನ್ ಮಾಡಿ, ತಾನು ತಮ್ಮನೆಂದು ಹೇಳಿ, ಹೀಗೇಕೆ ಬರೆದಿರೆಂದು ಕೇಳಿಯೇಬಿಟ್ಟ.

ಲೇಖಕಿ ಚಿಕ್ಕ ವಯಸ್ಸಿನವಳು, ಮಾತಿನಲ್ಲಿ ವಿನಯ ಇತ್ತು. "ಮೇಡಂ ಹೇಳಿದ್ದೇ ಹಾಗೆ ಸರ್. 'ನಾನು ಒಬ್ಬಳೇ ಮಗಳು' ಅಂದ್ರು. ನಾನು ಅದನ್ನೇ ಬರ್ಕೊಂಡೆ."

"ಒಬ್ಬಳೇ ಮಗಳು ಅಂದ್ರೆ ಹೆಣ್ಣುಮಗು ಒಂದೇ ಅಂತ ಕಣಮ್ಮ. ಗಂಡುಮಗ ಇರಬಾರದು ಅಂತ ಎಲ್ಲಿದೆ?"

"ಅಯ್ಯೋ, ನಾನು ಒಂದೇ ಮಗು ಅಂತ ತಿಳ್ಕೊಂಡೆ. ಒಂಟಿ ಬಾಲ್ಯ ಅಂತೆಲ್ಲ ನಾನೇ ಸೇರಿಸಿದ್ದು. ಆದ್ರೆ ಸರ್, ಅಚ್ಚಿಗೆ ಹೋಗೋ ಮುಂಚೆ ಕರಡನ್ನ ಮೇಡಂ ಪೂರ್ತಿ ಓದಿದಾರೆ. ಅಲ್ಪವಿರಾಮ ಕೂಡ ತಿದ್ದಿದಾರೆ. ಇದನ್ನ ಮಾತ್ರ ಮುಟ್ಟಿಲ್ಲ."

ಅವನು ಮತ್ತೆ ಆ ಸಾಲಿನ ಮೇಲೆ ಬೆರಳಿಟ್ಟ.

"ಎರಡನೇ ಮುದ್ರಣ ಇನ್ನೇನು ಹೋಗ್ತಿದೆ. ಖಂಡಿತ ತಿದ್ದಿ ಕೊಡ್ತೀನಿ. ನೀವೊಂದ್ಸಲ ಮೇಡಂ ಹತ್ರ ಮಾತಾಡಿಬಿಡಿ."

"ಅವಳ ನಂಬರು ಕೊಡ್ತೀರಾ?" ಎಂದ. ಅಕ್ಕನ ನಂಬರನ್ನು ಹೊರಗಿನವರಲ್ಲಿ ಕೇಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಲೇಖಕಿ ಒಳ್ಳೆಯವಳು, ಮರುಮಾತಾಡದೆ ಕೊಟ್ಟಳು.

ಅವನು ಕೋಣೆಯಲ್ಲಿ ಅತ್ತಿತ್ತ ಓಡಾಡಿ, ಗಂಟಲು ಸರಿಪಡಿಸಿಕೊಂಡು ಫೋನ್ ಮಾಡಿದ.

"ಅಕ್ಕ, ನಾನು."

"ಯಾವ ನಾನು?" ಎಂದಿತು ದನಿ. ಆಮೇಲೆ ತಾನೇ, ನಿಧಾನವಾಗಿ, "ಪುಟ್ಟಾ?"

ಆ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಅವನು ಕುರ್ಚಿಯ ಮೇಲೆ ಕೂತುಬಿಟ್ಟ. ಆದರೆ ಫೋನ್ ಮಾಡಿದ್ದು ಮುನಿಸಿಕೊಂಡು ತಾನೇ? ಮುನಿಸನ್ನು ಬಿಡಲಿಲ್ಲ. "ನಿನ್ನ ಪುಸ್ತಕ ಬಂತು. ಓದಿದೆ."

"ಪೂರ್ತಿ ಓದಿದ್ಯಾ?"

"ಪೂರ್ತಿ," ಎಂದ. ವೃತ್ತಿಯಲ್ಲಿ ಈ ಸುಳ್ಳನ್ನು ಎಷ್ಟು ಸಲ ಹೇಳಿದ್ದನೆಂದರೆ ಅದೀಗ ನಾಲಿಗೆಗೆ ಭಾರವೇ ಆಗುತ್ತಿರಲಿಲ್ಲ. "ಚೆನ್ನಾಗಿದೆ. ಆದ್ರೆ ಅದರಲ್ಲಿ ನಾನಿಲ್ಲ."

"ಹೌದು."

"ಕರಡು ನೀನೇ ನೋಡಿದೀಯಂತೆ. ಅಲ್ಪವಿರಾಮ ಎಲ್ಲ ತಿದ್ದಿದೀಯಂತೆ."

"ನೋಡ್ದೆ. ಅದನ್ನ ಇರ್ಲಿ ಅಂತ ಬಿಟ್ಟೆ." ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. "ಪೂರ್ತಿ ಓದಿದೀಯಲ್ಲ ಪುಟ್ಟಾ, ಯಾಕೆ ಅಂತ ನಿಂಗೇ ಗೊತ್ತಾಗಿರ್ಬೇಕು."

ಅವನಿಗೆ ಏನೂ ಗೊತ್ತಾಗಲಿಲ್ಲ. ಅಕ್ಕ ಫೋನ್ ಇಟ್ಟುಬಿಟ್ಟರೆ ಎಂಬ ಹೆದರಿಕೆಗೆ, ಮಾತು ಬೆಳೆಸಲು, ಎಲ್ಲರೂ ಕೇಳುವುದನ್ನೇ ಅವನೂ ಕೇಳಿದ. "ಭಾವ ಹೇಗಿದಾರೆ? ಪಕ್ಕದಲ್ಲಿದ್ರೆ ಕೊಡು, ಮಾತಾಡ್ತೀನಿ."

ಅಕ್ಕ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಚಿಕ್ಕವನಿಗೆ ಪಾಠ ಹೇಳಿಕೊಡುತ್ತಿದ್ದ ಅದೇ ದನಿಯಲ್ಲಿ, "ಹನ್ನೊಂದನೇ ಅಧ್ಯಾಯದಲ್ಲಿದೆ," ಎಂದಳು. ಆಮೇಲೆ, "ಊಟ ಮಾಡು, ಹೊತ್ತಾಯ್ತು," ಎಂದು ಫೋನ್ ಇಟ್ಟಳು.

ಅವನು ಹಾಳೆಗಳನ್ನು ಮಗುಚುತ್ತ ಹೋದ. ಹಿಂದಿನ ವರ್ಷದ ಚಳಿಗಾಲ. ದೊಡ್ಡ ಸೇತುವೆ ಅರ್ಧಕ್ಕೆ ನಿಂತಿತ್ತು. ಭಾವ ಆಸ್ಪತ್ರೆ ಸೇರಿದ್ದರು. ಅಕ್ಕ ಹಗಲು ಕೆಲಸದ ಜಾಗದಲ್ಲಿ ಇದ್ದು, ಸಂಜೆ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ನಕ್ಷೆಗಳನ್ನು ಮಡಿಲಲ್ಲಿ ಹರಡಿಕೊಂಡು ಕೂರುತ್ತಿದ್ದಳು. ದಾದಿಯೊಬ್ಬಳು ಬಂದು, ಮನೆಯವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಿದ್ದಳಂತೆ. ಅಕ್ಕ ಪ್ರತಿ ಸಲವೂ, ಬರ್ತಾರೆ, ಎನ್ನುತ್ತಿದ್ದಳಂತೆ. 'ಕೊನೆಗೆ ಹೆಗಲು ಕೊಟ್ಟವರು ಸೇತುವೆಯ ಕೆಲಸಗಾರರು. ಆಕೆಯ ಕಡೆಯಿಂದ ಬರಲು ಯಾರೂ ಇರಲಿಲ್ಲ.'

ಆ ಚಳಿಗಾಲ ಅವನು ಎಲ್ಲಿದ್ದ? ಇಲ್ಲೇ, ಇದೇ ಕುರ್ಚಿಯಲ್ಲಿ. ಆಸ್ಪತ್ರೆಯಿದ್ದ ಊರು ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಸಿಗುತ್ತದೆ. ಅದಕ್ಕೂ ಸ್ವಲ್ಪ ಮೊದಲು ಅವನು ಫೋನ್ ನಂಬರು ಬದಲಿಸಿದ್ದ. ಹೊಸದನ್ನು ಕಚೇರಿಗೆ ಕೊಟ್ಟಿದ್ದ, ಮನೆಯೊಡತಿಗೆ ಕೊಟ್ಟಿದ್ದ, ಹಾಲಿನಂಗಡಿಗೂ ಕೊಟ್ಟಿದ್ದ. ಅಕ್ಕನಿಗೆ ಕೊಡಬೇಕೆಂದು ನೆನಪಾಗಿರಲಿಲ್ಲ. ಅವಳು ಹಳೆಯ ನಂಬರಿಗೆ ಎಷ್ಟು ಸಲ ಮಾಡಿದ್ದಳೋ, ಯಾರು ತೆಗೆದು ಏನೆಂದರೋ. ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಸದ್ದು ಮಾಡಿಯೇ ಅತ್ತ, ಕೇಳುವವರು ಯಾರಿದ್ದರು?

ಅಕ್ಕ ಯಾಕೆ ತಿದ್ದಲಿಲ್ಲ ಎಂಬುದು ಆಗ ಅರ್ಥವಾಯಿತು. ಮೊದಲ ಅಧ್ಯಾಯದಲ್ಲಿ ತಮ್ಮನೊಬ್ಬ ಇದ್ದರೆ, ಹನ್ನೊಂದನೆಯ ಅಧ್ಯಾಯಕ್ಕೆ ಬಂದವರೆಲ್ಲ ಅವನೆಲ್ಲಿ ಹೋದ ಎಂದು ಕೇಳುತ್ತಾರೆ. ಹಾಗೆ ಯಾರೂ ಕೇಳಬಾರದೆಂದು ಅವಳು ಅವನನ್ನು ಹುಟ್ಟಿಸಿಯೇ ಇರಲಿಲ್ಲ.

ಎರಡು ದಿನ ಬಿಟ್ಟು ಲೇಖಕಿಯೇ ಫೋನ್ ಮಾಡಿದಳು. ದನಿಯಲ್ಲಿ ಉತ್ಸಾಹ ಇತ್ತು. "ಸರ್, ಮೊದಲನೇ ಅಧ್ಯಾಯ ಸರಿ ಮಾಡಿದೀನಿ. ಹಲಗೆ ಆಟದಲ್ಲಿ ನೀವೂ ಬರ್ತೀರಿ. ಮೇಡಂನ ಕೇಳ್ದೆ, 'ಅವನಿಷ್ಟ' ಅಂದ್ರು. ಒಂದೇ ಒಂದು ತೊಡಕಿದೆ. ಹನ್ನೊಂದರಲ್ಲಿ 'ಬರಲು ಯಾರೂ ಇರಲಿಲ್ಲ' ಅಂತ ಬರೆದುಬಿಟ್ಟಿದೀನಿ. ತಮ್ಮ ಇದಾರೆ ಅಂದ್ಮೇಲೆ ಅದು ಹೊಂದಲ್ಲ. ನೀವು ಹೋಗಿರ್ತೀರಿ, ನಂಗೇ ಬಿಟ್ಟುಹೋಗಿದೆ. ಹೌದು ಅಂತ ಒಂದು ಮಾತು ಹೇಳಿ, ಅಲ್ಲೂ ಸೇರಿಸ್ತೀನಿ."

ಒಂದೇ ಮಾತು. ಹೌದು ಎಂದರೆ ಪುಸ್ತಕದಲ್ಲಿ ಅವನು ಎರಡು ಕಡೆ ಬರುತ್ತಾನೆ, ಆಡುವಾಗಲೂ ಇರುತ್ತಾನೆ, ಹೆಗಲು ಕೊಡುವಾಗಲೂ ಇರುತ್ತಾನೆ. ಅಕ್ಕ ಅದನ್ನೂ ಹೊಡೆದುಹಾಕುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಆ ಮಾತು ತುಟಿಯವರೆಗೆ ಬಂತು ಕೂಡ.

"ಸರ್, ಇದೀರಾ?"

"ಇದೀನಿ," ಎಂದ. "ತಿದ್ದೋದೇನೂ ಬೇಡಮ್ಮ. ಮೊದಲನೇದನ್ನೂ ಹಿಂದೆ ಇದ್ದ ಹಾಗೇ ಬಿಟ್ಟುಬಿಡಿ. ನೀವು ಬರೆದದ್ದೇ ಸರಿ. ಅಕ್ಕ ಒಬ್ಳೇ ಇದ್ಲು."